ಬದುವಿನ ಆಚೆಯ ಬೇವು

ಶುಕ್ರವಾರ, ಸಂಜೆ ಆರೂಮುಕ್ಕಾಲು. ಹೊಲದಲ್ಲಿದ್ದವರು ಇಬ್ಬರು: ನಾನು, ಬ್ಯಾಟರಿ ಹಿಡಿದ ನನ್ನ ಹೆಂಡತಿ. ಮಧ್ಯಾಹ್ನ ಮೊದಲ ಮಳೆ ಬಿದ್ದಿತ್ತು. ಬೋಗುಣಿಯ ನೀರಿಗೆ ಸೀಮೆಎಣ್ಣೆ ಸುರಿದೆ. ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಉಳಿದಿದ್ದ ಅರ್ಧ ಬಾಟಲಿ. ಆ ವಾಸನೆಗೆ ಬದುವಿನ ಆಚೆಯ ಹೊಲದ ಅಕ್ಕ ನೆನಪಾದಳು...

ಹಲವಾಗಲಿನ ಹೊಳೆ ಕಡೆಯ ಹೊಲಗಳು ನಮ್ಮವು. ಬದುವಿನ ಈಚೆ ನನ್ನ ಬೇವು, ಆಚೆ ಆಕೆಯದು. ಗಂಡ ತೀರಿದ ಮೇಲೆ ಆಕೆ ತಾನೇ ನಿರ್ಧರಿಸಿ ಮೊದಲ ಸಲ ಕಬ್ಬು ನೆಟ್ಟಿದ್ದಳು. ಬೆಳೆ ಕೈಗೆ ಬಂದರೆ ಹೊಲವನ್ನು ಆಕೆಯೇ ಮಾಡಬೇಕು, ಕೆಟ್ಟರೆ ಮೈದುನನಿಗೆ ಬಿಡಬೇಕು ಎಂದು ಮನೆಯ ಹಿರಿಯರು ಮಾತು ಮಾಡಿದ್ದರು.

ಕಬ್ಬಿಗೆ ಭಯವಿದ್ದದ್ದು ಗೊಣ್ಣೆ ಹುಳುವಿನದು. ಮಣ್ಣೊಳಗೆ ಕೂತು ಬೇರು ತಿನ್ನುವ ಬಿಳಿ ಹುಳು. ಕಣ್ಣಿಗೆ ಬೀಳುವಷ್ಟರಲ್ಲಿ ಬೆಳೆ ಹೋಗಿರುತ್ತದೆ. ಅದಕ್ಕೆ ಮೊದಲೇ, ಆ ಹುಳುವಿನ ಮೊಟ್ಟೆ ಇಡುವ ದುಂಬಿಯನ್ನು ಹಿಡಿಯಬೇಕು. ಮೊದಲ ಮಳೆಯ ಸಂಜೆ ದುಂಬಿಗಳು ಮಣ್ಣಿನಿಂದೆದ್ದು ಬೇವಿನ ಎಲೆಗೆ ಮುತ್ತುತ್ತವೆ. ಕೊಂಬೆ ಅಲುಗಿಸಿ, ಉದುರಿದ್ದನ್ನು ಸೀಮೆಎಣ್ಣೆ ನೀರಿಗೆ ಹಾಕಬೇಕು. ತಡವಾದರೆ ಸುತ್ತಲಿನ ಹೊಲದಲ್ಲೆಲ್ಲ ಮೊಟ್ಟೆ ಇಡುತ್ತವೆ.

ಆದರೆ ಹೊತ್ತು ಮುಳುಗಿದ ಮೇಲೆ ಗಿಡ ಮಲಗುತ್ತದೆ, ಮುಟ್ಟಬಾರದು ಎನ್ನುತ್ತಾರೆ ನಮ್ಮಲ್ಲಿ. ಶೇಂಗಾ ಹಾಕುತ್ತಿದ್ದ ಕಾಲದಿಂದಲೂ ಆಕೆ ಅದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಬೇವಿನ ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಕಾಂಡ ತಟ್ಟಿ, "ಏಳವ್ವ, ಕೆಲಸ ಐತಿ" ಎಂದು ಎಬ್ಬಿಸುತ್ತಿದ್ದಳು. ಗಿಡ ಯಾವ ಮನೆಯದೋ ಆ ಮನೆಯವರೇ ಎಬ್ಬಿಸಬೇಕು. ಬೇರೆಯವರು ಕೈ ಹಚ್ಚುವಂತಿಲ್ಲ.

ಕಬ್ಬು ನೆಟ್ಟ ಆ ವರ್ಷವೂ ಮೊದಲ ಮಳೆ ಶುಕ್ರವಾರವೇ ಬಂತು. ಆಕೆ ಬದುವಿನ ಮೇಲೆ ನಿಂತು ಕರೆದಳು.

"ಮೇಷ್ಟ್ರೇ, ಬರ್ರಿ. ನಿಮ್ಮ ಗಿಡದಾಗೂ ಗುಂಯ್ ಅನ್ನಾಕ ಹತ್ಯಾವ."

"ಸೋಮವಾರಕ್ಕ ಇಟ್ಟೀನಿ ಅಕ್ಕಾ. ಪುಸ್ತಕದಾಗ ಬರದೀನಿ."

"ಹುಳಕ್ಕ ನಿಮ್ಮ ಸಾಲಿ ಗಂಟಿ ಕೇಳಸ್ತೈತೇನ್ರಿ?"

ನಕ್ಕೆ. ವಾರದ ಕೆಲಸವನ್ನು ಭಾನುವಾರವೇ ಬರೆದಿಡುವವನು ನಾನು. ನಿವೃತ್ತನಾದ ಮೇಲೂ ತಪ್ಪಿಸಿದವನಲ್ಲ.

"ನಿಮ್ಮ ಗಿಡ ನೀವ ಎಬ್ಬಸಬೇಕ್ರಿ, ನಾ ಮುಟ್ಟಂಗಿಲ್ಲ" ಎಂದು ಹೇಳಿ ತನ್ನ ಬೇವಿನ ಕಡೆ ಹೋದಳು. ಮೂರು ಸಂಜೆ ಒಬ್ಬಳೇ ಅಲುಗಿಸಿದಳು. ಸೋಮವಾರ, ಬರೆದಂತೆ, ನಾನು ನನ್ನದನ್ನು ಅಲುಗಿಸಿದೆ. ಬೋಗುಣಿಯ ತಳ ಮುಚ್ಚುವಷ್ಟೂ ಬೀಳಲಿಲ್ಲ. ಅಷ್ಟರಲ್ಲಿ ನನ್ನ ದುಂಬಿಗಳು ಬದು ದಾಟಿದ್ದವು.

ಮಹಾನವಮಿಯ ಹೊತ್ತಿಗೆ ಬದುವಿನ ಪಕ್ಕದಿಂದ ಆಕೆಯ ಕಬ್ಬು ಹಳದಿಯಾಗುತ್ತ ಹೋಯಿತು. ಒಂದನ್ನು ಹಿಡಿದೆಳೆದಳು, ಬೇರಿಲ್ಲದೆ ಕೈಗೆ ಬಂತು. ಬುಡ ಕೆದಕಿ ಹುಳು ಆರಿಸುತ್ತ ಕೂತಳು. ನಾನೂ ಒಂದು ಸಾಲು ಹಿಡಿದು ಆರಿಸಿದೆ. ಸುಗ್ಗಿಯ ನಂತರ ಹೊಲ ಮೈದುನನ ಕೈಗೆ ಹೋಯಿತು. ಆಮೇಲೆ ಆಕೆ ಬದುವಿಗೆ ಬಂದದ್ದನ್ನು ನಾನು ಕಾಣೆ. ಹೋದ ವರ್ಷ ತೀರಿಕೊಂಡಳು... ಮಣ್ಣಿಗೆ ಹೋಗಿ ಬಂದೆ.

ಇವತ್ತು ನನ್ನ ಬೇವಿನ ಕೆಲಸ ಏಳೂವರೆಗೆ ಮುಗಿಯಿತು. ಆಚೆಯ ಬೇವು ಗುಂಯ್‌ಗುಡುತ್ತಲೇ ಇತ್ತು. ಆ ಮನೆಯಿಂದ ಯಾರೂ ಬಂದಿರಲಿಲ್ಲ.

"ಅದು ಅವರ ಗಿಡ ಅಲ್ಲೇನ್ರಿ?" ಎಂದಳು ಹೆಂಡತಿ.

ಬದು ದಾಟಿದೆ. ಒಂದು ಚೊಂಬು ನೀರು ಹಾಕಿದೆ. ಕಾಂಡ ತಟ್ಟಿದೆ. ಎಬ್ಬಿಸುವ ಮಾತು ಮಾತ್ರ ಹೇಳಲಿಲ್ಲ. ಅದು ಆ ಮನೆಯವರದು. ಸ್ವಲ್ಪ ಹೊತ್ತು ಕಾದು ಕೊಂಬೆ ಅಲುಗಿಸಿದೆ. ದುಂಬಿಗಳು ಉದುರಿದವು. ಏನೂ ಅನಿಸಲಿಲ್ಲ.

ಬೋಗುಣಿ ಎರಡು ಸಲ ತುಂಬಿತು. ಗುಂಡಿ ತೋಡಿ ಹೂತೆ, ಮಣ್ಣು ತುಳಿದೆ. ಬೋಗುಣಿ ತೊಳೆದು ಬದುವಿನ ಮೇಲೆ ಬೋರಲು ಹಾಕಿದೆ.