ಬಚ್ಚಲ ನೀರು ಹೋಗುವ ದಾರಿ

ಅಥವಾ ಆ ಮಾತನ್ನು ಅಕ್ಕ ಹೇಳಿದ್ದೇ ಅಲ್ಲವೇನೋ. ಅವಳು ಹೋದ ಮೇಲೆ ಅವಳ ದನಿಯಲ್ಲಿ ನಾನೇ ಕಟ್ಟಿಕೊಂಡದ್ದಿರಬಹುದು. ನೆನಪಿನಲ್ಲಿ ಅವಳು ಹೊಸದುರ್ಗದ ಮನೆಯ ಹಿತ್ತಲಲ್ಲಿ ಸಲಿಕೆ ಹಿಡಿದು ನಿಂತಿದ್ದಾಳೆ. ಆ ಮಾತು ಆಡಿದ್ದರೆ ಕಾಯಿಲೆ ಬಿದ್ದ ಮೇಲೆಯೇ ಆಡಿರಬೇಕು, ಆಗ ಅವಳು ಸಲಿಕೆ ಮುಟ್ಟುತ್ತಿರಲಿಲ್ಲ. ಅಂದರೆ ಚಿತ್ರ ಸುಳ್ಳು. ಮಾತು ಮಾತ್ರ ಹೀಗೆ ಕೇಳಿಸುತ್ತದೆ: "ಕೊನೇ ಸಲ ನನ್ ಮೈಮೇಲೆ ಹುಯ್ಯೋ ನೀರೂ ಲಕ್ಕಿ ಗಿಡಕ್ಕೇ ಹೋಗ್ಲಿ ಕಣೋ. ಎಲೆ ಕಿತ್ತಿದ್ದು ಅದ್ರಿಂದ್ಲೇ ಅಲ್ವಾ."

ಎಲೆಯ ಮಾತು ನಿಜ. ಕೀಲುನೋವಿಗೆಂದು ಅವಳು ಸ್ನಾನದ ಹಂಡೆಗೆ ದಿನವೂ ಲಕ್ಕಿ ಸೊಪ್ಪು ಹಾಕಿ ಕಾಯಿಸುತ್ತಿದ್ದಳು. ಬಚ್ಚಲಿಂದ ಹೊರಟ ನೀರು ಅವಳೇ ತೋಡಿದ ಸಣ್ಣ ಕಾಲುವೆಯಲ್ಲಿ ಮೊದಲು ಕವಳೆ ಪೊದೆಗೆ, ಆಮೇಲೆ ತಂಗಡಿ ಗಿಡಕ್ಕೆ, ಉಳಿದರೆ ಲಕ್ಕಿಗೆ. ಆ ಗಿಡಗಳಿಗೆ ಬೇರೆ ನೀರಿರಲಿಲ್ಲ. ಯಾರಾದರೂ ಸೋಪು ಹಚ್ಚಿ ಸ್ನಾನ ಮಾಡಿದರೆ ಬೈಯುತ್ತಿದ್ದಳು, ನೆಂಟರಿಗೂ ಕಡಲೆಹಿಟ್ಟೇ.

ಮೊದಲು ಅಲ್ಲಿ ಗುಲಾಬಿ ಗಿಡಗಳಿದ್ದವು. ಒಂದು ಬೇಸಿಗೆಯಲ್ಲಿ ಅವು ಒಣಗಿದ ಮೇಲೆ, ಮಾಡದಕೆರೆ ಕಡೆಯ ಗುಡ್ಡದಿಂದ ಈ ಸಸಿಗಳನ್ನು ತಂದಳು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಊರೋರೆಲ್ಲ ಬೇಲಿ ಗಿಡ ಕಿತ್ತು ಹೂವಿನ ಗಿಡ ಹಾಕ್ತಾರೆ. ನಿಂದೇನೇ ಉಲ್ಟಾ?" ಎಂದರು.

"ಬೇಲಿಯೋವು ಏನೂ ಕೇಳಲ್ಲ ಕಣಕ್ಕ. ನಿಮ್ ಗುಲಾಬಿ ಸೊಸೆ ಇದ್ದಂಗೆ, ದಿನಾ ಮುನಿಸು."

"ನನ್ ಸೊಸೆ ಒಳಗೇ ಅವ್ಳೆ, ಮೆಲ್ಲಕೆ ಮಾತಾಡೇ."

ಲಕ್ಕಿಯನ್ನು ಯಾಕೆ ಕೊನೆಗೆ ನೆಟ್ಟೆ ಎಂದು ಒಮ್ಮೆ ಕೇಳಿದ್ದೆ. ಕೊನೇಲಿ ಇರೋದು ತಡ್ಕಳಂಗಿರ್ಬೇಕು ಎಂದಿದ್ದಳು. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಅಥವಾ ಕಡಿಮೆ ಇದೆ.

ಅವಳು ತೀರಿಕೊಂಡ ದಿನ ಹಿತ್ತಲ ಕಲ್ಲಿನ ಮೇಲೆ ಮಲಗಿಸಿ, ಸುತ್ತ ಸೀರೆ ಅಡ್ಡ ಹಿಡಿದು ಹೆಂಗಸರು ಸ್ನಾನ ಮಾಡಿಸಿದರು. ನಾವು ಗಂಡಸರು ಈಚೆ ನಿಂತಿದ್ದೆವು. ಕಾಲುವೆಯ ಬಾಯಿ ಸೀರೆಯ ಆಚೆಗಿತ್ತು. ಒಳಗಿಂದ ನಮ್ಮ ಸೋದರತ್ತೆಯ ದನಿ ಕೇಳಿಸಿತು: "ಈ ನೀರು ಗಿಡಕ್ಕೆ ಹೋಗ್ಬಾರ್ದು. ಮಣ್ಣು ಅಡ್ಡ ಹಾಕ್ರೇ." ಯಾರೋ ಏನೋ ಉತ್ತರಿಸಿದರು. ತಂಬಿಗೆಯ ಸದ್ದಿನಲ್ಲಿ ಅದು ನನಗೆ ಸಿಗಲಿಲ್ಲ. ಸೀರೆ ಸರಿಸಿದಾಗ ನಾನು ನೋಡಿದ್ದು ಅಕ್ಕನ ಮುಖವನ್ನು, ಕಾಲುವೆಯನ್ನಲ್ಲ. ಮಣ್ಣು ಮಾಡಿ ಬಂದು ನೋಡುವ ಹೊತ್ತಿಗೆ ಹಿತ್ತಲನ್ನೆಲ್ಲ ತೊಳೆದಿದ್ದರು. ನೆಲವೆಲ್ಲ ಒಂದೇ ಸಮ ಒದ್ದೆ.

ತಿಥಿ ಕಳೆದ ಮೇಲೆ ಅತ್ತೆಯನ್ನು ಕೇಳಿದೆ.

"ನಾನ್ಯಾಕಪ್ಪ ಹಂಗಂತೀನಿ? ಬಿಸಿನೀರು ಬುಡಕ್ಕೆ ಹೋಗದಂಗೆ ನೋಡ್ಕಳ್ರೇ ಅಂದಿದ್ದು. ಬೇರು ಬೆಂದೋಗ್ತವೆ. ಅವಳು ಬೆಳೆಸಿದ್ದು ನೋಡು."

"ಮಣ್ಣು ಹಾಕಿದ್ರಾ?"

"ಯಾರಿಗ್ಗೊತ್ತು. ನಂಗೆ ಕಣ್ಣೇ ಕಾಣ್ತಿರ್ಲಿಲ್ಲ ಅವತ್ತು."

ಭಾವ ಅಲ್ಲೇ ಕೂತಿದ್ದರು. ಅಕ್ಕ ಹೀಗಂದಿದ್ದಳು ಎಂದು ಅವರಿಗೆ ಹೇಳಿದೆ. "ನಂಗೇನೂ ಹೇಳಿರ್ಲಿಲ್ವಲ್ಲ" ಎಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಅವಳು ಹೇಳಿದ್ದೇ ನಿಜವಲ್ಲದಿದ್ದರೆ, ಇಲ್ಲದ ಒಂದು ಮಾತಿನಿಂದ ಅವರನ್ನು ನೋಯಿಸಿದ್ದಾಯಿತು.

ಈಗ ಆ ಮನೆಯಲ್ಲಿ ಸೋಪಿನ ಸ್ನಾನ. ನೀರು ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ. ಕಾಲುವೆ ಮಣ್ಣು ತುಂಬಿ ಮುಚ್ಚಿಹೋಗಿದೆ. ಆದರೂ ಲಕ್ಕಿ ಇದೆ, ನೀಲಿ ಹೂವೂ ಬಿಟ್ಟಿದೆ. ಗುಲಾಬಿಯಾಗಿದ್ದರೆ ಬಾಡಿಯೋ ಚಿಗುರಿಯೋ ಏನಾದರೂ ಹೇಳುತ್ತಿತ್ತು. ಇದು ನೀರು ಸಿಕ್ಕರೂ ಹೀಗೇ ಇರುತ್ತದೆ, ಸಿಗದಿದ್ದರೂ ಹೀಗೇ ಇರುತ್ತದೆ. ಅದಕ್ಕೆಂದೇ ಅವಳು ಇದನ್ನು ತಂದಳು.

ಹೋದಾಗಲೆಲ್ಲ ಒಂದು ಎಲೆ ಹಿಸುಕಿ ಮೂಸುತ್ತೇನೆ. ಅವಳ ಸ್ನಾನದ ಮನೆಯ ವಾಸನೆಯೇ. ಅಷ್ಟು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಆ ದಿನದ ನೀರು ಇದರ ಬುಡ ಮುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಮುಟ್ಟಲಿ ಎಂದು ಅವಳು ಕೇಳಿದ್ದಳೋ ಇಲ್ಲವೋ, ಅದೂ ಗೊತ್ತಿಲ್ಲ.