ಠಾಣೆಯಲ್ಲೇ ಉಳಿದವನು

ನಮ್ಮ ಬೋಟಿನ ಹರಿದ ಬಲೆ ಹೆಣೆದುಕೊಡುತ್ತಿದ್ದವನು ತನ್ನೂರು ಕಲ್ಕತ್ತ ಎನ್ನುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವನ ಮಾತು ಅಪ್ಪಟ ಕುಂದಾಪ್ರದ್ದಾಗಿತ್ತು. ಬಲೆ ಎಷ್ಟೇ ಹರಿದಿರಲಿ, ನೂಲನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ಎಂತ ಆತಿಲ್ಲೆ ಮಾರಾಯ್ರೆ" ಅನ್ನುವನು.

ಒಮ್ಮೆ ಹೆಮ್ಮಾಡಿ ಪೇಟೆಯಲ್ಲಿ ಯಾರೊಂದಿಗೋ ಹೊಡೆದಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಬಿಡಿಸಿಕೊಂಡು ಬರಲು ಠಾಣೆಗೆ ಹೋದೆ. ಹೊಡೆದಾಡಿದ ಇನ್ನೊಬ್ಬನನ್ನು ಆಗಲೇ ಮನೆಗೆ ಕಳಿಸಿದ್ದರು.

"ಇವ ಬಾಂಗ್ಲಾದೇಶದವ. ವಿದೇಶಿಯರ ಆಫೀಸಿಗೆ ತಿಳ್ಸಿ ಆಯ್ತ್, ಅವ್ರ್ ಕರ್ಕಂಡ್ ಹೋತ್ರ್" ಎಂದರು ಪೇದೆ.

"ಹ್ವಾಯ್, ಇವ ನಮ್ಮವ!" ಎಂದು ನಕ್ಕೆ.

ಅವನು ನಗಲಿಲ್ಲ. "ಅವ್ರ್ ಹೇಳದ್ ಹೌದ್ ಅಣ್ಣಾ, ಹೇಳುಕೆ ಹೆದ್ರಿಕೆ ಆಯ್ತ್" ಎಂದ.

ಅವನನ್ನು ಕೂರಿಸಿಕೊಂಡು ಆಫೀಸಿನವರ ಜೀಪು ಹೋದ ಮೇಲೆ ಅವನ ಹೆಂಡತಿ, ಗುಲ್ವಾಡಿಯ ಹೆಣ್ಣು, ರೇಷನ್ ಕಾರ್ಡು ಹಿಡಿದು ಓಡಿಬಂದಳು. ಅವಳಿಗೂ ಏನೂ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು.