ಬರೆಗೆ ಚಾ, ಗುಡ್ಡೆಗೆ ಅನ್ನ

ಘಾಟಿಯ ಬುಡದ ಗುಂಡ್ಯದಲ್ಲಿ ಹೋಟೆಲು ನಡೆಸುವ ಹಕೀಮಾಕ ‘ಭೂಕುಸಿತ’ ಎಂಬ ಮಾತನ್ನು ಟಿವಿಯವರಿಗೆ ಬಿಟ್ಟುಕೊಟ್ಟಿದ್ದಾರೆ. ಘಾಟಿ ಬಂದ್ ಆಗಿ ಲಾರಿಗಳು ಸಾಲುಗಟ್ಟಿದರೆ ಅವರು ಡ್ರೈವರುಗಳನ್ನು ಕೇಳುವುದು ಒಂದೇ: “ಜರಿದದ್ದು ಎಂತ ಮಾರಾಯ, ಬರೆಯಾ ಗುಡ್ಡೆಯಾ?” ಹೊಸಬರು ಮುಖ ನೋಡಿದರೆ ಪಾಠ ಶುರು. “ಬರೆ ಅಂದ್ರೆ ನಾವು ಗುಡ್ಡೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. ಅದು ಜರಿದ್ರೆ ಜೆಸಿಬಿ ಬಂದು ಗಂಟೆಯೊಳಗೆ ಬಾಚಿ ಹೋಗ್ತದೆ. ಗುಡ್ಡೆ ದೇವರು ಇಟ್ಟದ್ದು. ಅದು ಹೊರಟ್ರೆ ಎಲ್ಲಿ ನಿಲ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ.” ಬರೆ ಎಂದರೆ ಅವರ ಹೆಂಡತಿ ಸುಹರಾ ಒಲೆಯಲ್ಲಿ ಚಾ ಇಡುತ್ತಾರೆ, ಗುಡ್ಡೆ ಎಂದರೆ ದೊಡ್ಡ ಪಾತ್ರೆ ಇಳಿಸಿ ಅನ್ನಕ್ಕೆ ಇಡುತ್ತಾರೆ. ಈ ಲೆಕ್ಕ ತಪ್ಪಿ ಅಲ್ಲಿ ಯಾರೂ ಹಸಿದು ಕೂತದ್ದಿಲ್ಲ, ಆ ಜಂಬ ಹಕೀಮಾಕರಿಗೆ ಸಾಕಷ್ಟು ಉಂಟು. ಕಳೆದ ಮಳೆಗಾಲದಲ್ಲಿ ಅವರದೇ ಮನೆಯ ಹಿಂದಿನ ಗುಡ್ಡೆ ಜರಿದು ಅರ್ಧ ಮನೆಯನ್ನು ಮುಚ್ಚಿತು. ಎಲ್ಲರೂ ಹೋಟೆಲಿನಲ್ಲಿದ್ದ ಕಾರಣ ಉಳಿದರು. ಸುದ್ದಿ ಕೇಳಿ ದುಬೈಯಿಂದ ಮಗಳು ಅಮೀರಾ ಫೋನ್ ಮಾಡಿದಳು. “ಎಂತ ಇಲ್ಲ ಮಗಳೇ, ಸ್ವಲ್ಪ ಬರೆ ಜರಿದದ್ದು.” ಮಗಳು ಕೇಳಿದಳು, “ಉಮ್ಮ ಒಲೆಯಲ್ಲಿ ಎಂತ ಇಟ್ಟಿದ್ದಾರೆ ಉಪ್ಪಾ?” ಮಣ್ಣು ಎತ್ತಲು ಬಂದ ಲಾರಿಯವರಿಗಾಗಿ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದ ಅನ್ನವನ್ನೇ ನೋಡುತ್ತ ಹಕೀಮಾಕ ಹೇಳಿದರು, “ಚಾ.”